ಓಡೆಲ್‌ಗೆ ಹತ್ತಿರದವಳು
ಅಲಬಾಮಾದ ನಮ್ಮೂರಲ್ಲಿ ಯಾರಿಂದಲೂ ಕಲಿಯದೆ, ಕೆಮ್ಮಣ್ಣು ಕಲಸಿ ಹಲಗೆಗಳ ಮೇಲೆ ಚಿತ್ರ ಬರೆಯುತ್ತಿದ್ದ ಓಡೆಲ್ ಸತ್ತು ಹೆಸರುವಾಸಿಯಾದ ಮೇಲೆ, ನಮ್ಮ ವರ್ನೀಸ್ ಅತ್ತೆಗೆ ವರ್ಷವರ್ಷವೂ ಹತ್ತಿರದವನಾಗುತ್ತಾ ಹೋದ. ಅವಳ ಮಾತಿನಲ್ಲಿ ಮೊದಲು ನೆರೆಯವನು, ಆಮೇಲೆ ಮನೆಮಗ. ಈಗಂತೂ ಅವನಿಗೆ ಹಳದಿ ಬಣ್ಣ ಕಲಸಲು ಹೇಳಿಕೊಟ್ಟವಳೇ ಅತ್ತೆ. ಕೋಳಿಗೂಡಿನ ತೂತಿಗೆ ಬಡಿದಿದ್ದ ಅವನ ಚಿತ್ರದ ಹಲಗೆಯನ್ನು ಕಿತ್ತು, ಧೂಳು ಒರೆಸಿ, ಹಜಾರದಲ್ಲಿ ತೂಗುಹಾಕಿದ್ದಾಳೆ. ಬಂದವರಿಗೆಲ್ಲ, "ಭಾನುವಾರ ಅವನ ಊಟ ನಮ್ಮಲ್ಲೇ ಆಗ್ತಿತ್ತು ಕಣ್ರೀ," ಎನ್ನುತ್ತಾಳೆ. ಮೊನ್ನೆ ಮ್ಯೂಸಿಯಂನಿಂದ ಬಂದ ಹುಡುಗಿ ಬರೆದುಕೊಳ್ಳುತ್ತಾ, "ಅವ್ರು ಈ ಊಟದ ಮೇಜಿನ ಯಾವ ಕಡೆ ಕೂರ್ತಿದ್ರು, ಅಮ್ಮಾ?" ಎಂದಳು. ಅತ್ತೆ ಕುರ್ಚಿಗಳನ್ನೆಲ್ಲ ಒಂದೊಂದಾಗಿ ನೋಡಿದಳು. "ಹಿಂಬಾಗಿಲ ಮೆಟ್ಟಿಲ ಮೇಲೆ," ಎಂದಳು. "ಕರಿಯರನ್ನ ನಮ್ಮಮ್ಮ ಒಳಗೆ ಕರೀತಿರಲಿಲ್ಲ. ತಟ್ಟೆ ಕೊಡ್ತಿದ್ದೋಳು ನಾನು. ನಾನೂ ಕರೀಲಿಲ್ಲ. ಅದನ್ನೂ ಬರ್ಕೋ."