ಒಣಮೀನಿನ ಮೇಲೆ ಹೊರಿಸಿದ ವಾಸನೆ

ಹೋದ ವರ್ಷ ಮೇ ತಿಂಗಳಲ್ಲಿ ಕುಮಟಾದಲ್ಲಿ ನನ್ನ ನಾದಿನಿಯ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರವಿತ್ತು. ಭಟ್ಕಳದ ಪಕ್ಕದ ಜಾಲಿಯಿಂದ ನಾನು, ನಮ್ಮ ಮನೆಯವರು, ಅತ್ತೆ ಮತ್ತು ಅಂಗನವಾಡಿಗೆ ಹೋಗುವ ಮಗಳು ಸಾನ್ವಿ ನಮ್ಮ ಹಳೆಯ ಕಾರಿನಲ್ಲಿ ಹೊರಟೆವು.

ಆ ಕಾರಿನ ಏಸಿ ಕೆಟ್ಟು ಬಹಳ ದಿನವಾಗಿತ್ತು. ಒಳಗಿನ ಕೂಲಿಂಗ್ ಕಾಯಿಲ್ ತೂತಾಗಿ ಗ್ಯಾಸ್ ಸೋರಿಹೋಗಿದೆ, ಹೊಸದೇ ಹಾಕಬೇಕು ಎಂದು ಗ್ಯಾರೇಜಿನವರು ಹೇಳಿದ್ದರು. ಹೊಸದರ ಬೆಲೆ ಕೇಳಿದ್ದೇ ತಡ, ನಮ್ಮ ಮನೆಯವರು ಕಾರನ್ನು ತಿರುಗಿಸಿಕೊಂಡು ಬಂದುಬಿಟ್ಟರು. ಅವರು ಮೀನುಗಾರಿಕೆಯ ಬೋಟುಗಳ ರಿಪೇರಿ ಮಾಡುವವರು. "ಬೋಟಿನ ಇಂಜಿನ್ನೇ ಬಿಚ್ಚಿ ಜೋಡಿಸೋನು ನಾನು. ಇದೆಂತ ದೊಡ್ಡದು ಮಾರಾಯ್ತಿ?" ಎಂದರು. ಬೋಟಿನ ಬಿರುಕಿಗೆ ಹಚ್ಚುವ ಅಂಟನ್ನೇ ಕಾಯಿಲ್‌ಗೂ ಮೆತ್ತಿದರು. ಸಮುದ್ರದ ನೀರನ್ನೇ ತಡೆಯುವ ಅಂಟು ಗ್ಯಾಸನ್ನು ತಡೆಯುವುದಿಲ್ಲವೇ ಎಂಬುದು ಅವರ ಲೆಕ್ಕ. ಆಮೇಲೆ ಯಾವ ಗ್ಯಾಸ್ ತುಂಬಿಸಿದರೋ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕಾರು ಮಾತ್ರ ತಣ್ಣಗಾಯಿತು. ಅವರ ಮುಖದಲ್ಲಿನ ಹೆಮ್ಮೆ ನೋಡಬೇಕಿತ್ತು!

ಅಂದು ಹೊರಟಾಗ ಕಿಟಕಿಗಳನ್ನೆಲ್ಲ ಏರಿಸಿ ಏಸಿ ಹಾಕಿದರು. ಹಿಂದಿನ ಸೀಟಿನಲ್ಲಿ ಅತ್ತೆ, ಅವರ ತೊಡೆಯ ಮೇಲೆ ತಲೆಯಿಟ್ಟು ಮಲಗಿದ ಸಾನ್ವಿ, ಕಾಲ ಬಳಿ ಮಗಳ ಮನೆಗೆಂದು ಅತ್ತೆ ಕಟ್ಟಿದ್ದ ಒಣ ಬಂಗಡೆ, ಒಣ ಶೆಟ್ಲಿ ಸಿಗಡಿಯ ಚೀಲ. ಅತ್ತೆ ಜೀವನವಿಡೀ ಮೀನು ಮಾರಿದವರು.

ಹೊನ್ನಾವರ ದಾಟುವಾಗ ಒಂದು ಕೊಳೆತ ವಾಸನೆ ಬರತೊಡಗಿತು. ನಾನು ಮೂಗು ಮುಚ್ಚಿಕೊಂಡೆ. "ಎಂತ ವಾಸನೆ ಇದು?" ಎಂದೆ.

"ಅಬ್ಬೆಯ ಚೀಲದ್ದು, ಮತ್ತೆಂತ?" ಎಂದರು ನಮ್ಮ ಮನೆಯವರು. ನನಗೂ ಹಾಗೇ ಅನ್ನಿಸಿತು. ಮೀನಿನ ಮನೆಯವರಿಗೆ ಯಾವ ನಾತ ಬಂದರೂ ಮೊದಲು ನೆನಪಾಗುವುದು ಮೀನೇ. ಡ್ಯಾಶ್‌ಬೋರ್ಡಿನ ಗಣಪತಿಗೆಂದು ಊದುಬತ್ತಿ, ಕಡ್ಡಿಪೆಟ್ಟಿಗೆ ಯಾವಾಗಲೂ ಕಾರಿನಲ್ಲಿರುತ್ತವೆ. ವಾಸನೆ ಸ್ವಲ್ಪ ಹೋಗಲಿ ಎಂದು ಊದುಬತ್ತಿ ತೆಗೆದು ಕಡ್ಡಿ ಗೀರಿದೆ. ಥಂಡಿ ಹಿಡಿದಿದ್ದ ಕಡ್ಡಿ ಹೊತ್ತಿಕೊಳ್ಳದೆ ಮುರಿಯಿತು. ಇನ್ನೊಂದನ್ನು ತೆಗೆದೆ.

ಅಷ್ಟರಲ್ಲಿ ಅತ್ತೆಗೆ ಸಿಟ್ಟು ನೆತ್ತಿಗೇರಿತ್ತು. "ನನ್ನ ಮೀನಿಗೆ ಹೆಸರಿಡ್ತೀರಾ? ಇಷ್ಟು ವರ್ಷ ಇದೇ ಮೀನು ಮಾರಿ ನಿನ್ನ ಸಾಕಿದ್ದು. ನಿಲ್ಲಿಸು ಗಾಡಿ! ನಾನು ಬಸ್ಸಿಗೆ ಬತ್ತೆ," ಎಂದು ಕೂಗಾಡಿದರು. ಕರ್ಕಿ ದಾಟಿ ರಸ್ತೆ ಬದಿಯಲ್ಲಿ ಕಾರು ನಿಂತಿತು. ಅತ್ತೆ ಸಾನ್ವಿಯ ತಲೆಯನ್ನು ಮೆಲ್ಲಗೆ ಸೀಟಿನ ಮೇಲಿಟ್ಟು, ಚೀಲ ಹಿಡಿದು ಇಳಿದು, ಬಾಗಿಲನ್ನು ದಢಾರನೆ ಹಾಕಿದರು. ನಮ್ಮ ಮನೆಯವರು ಅವರನ್ನು ಸಮಾಧಾನ ಮಾಡಲು ಹಿಂದೆಯೇ ಓಡಿದರು.

ಕಾರಿನಲ್ಲಿ ನಾನು ಮತ್ತು ಮಗಳು ಉಳಿದೆವು. ಇಂಜಿನ್ ಚಾಲೂ ಇತ್ತು, ಏಸಿಯೂ ಓಡುತ್ತಿತ್ತು. ಈಗಲಾದರೂ ಊದುಬತ್ತಿ ಹಚ್ಚೋಣ ಎಂದು ಕಡ್ಡಿಯನ್ನು ಪೆಟ್ಟಿಗೆಗೆ ತಾಗಿಸಿದೆ. ಕೈ ಹಾಗೇ ನಿಂತಿತು. ಚೀಲ ಹೊರಗಿತ್ತು. ನಾತ ಮಾತ್ರ ಒಳಗೇ ಇತ್ತು, ಮೊದಲಿಗಿಂತ ಹೆಚ್ಚಾಗಿ. ಅದು ಏಸಿಯ ಗಾಳಿಯಲ್ಲೇ ಬರುತ್ತಿತ್ತು.

ಕಿಟಕಿ ಇಳಿಸಿ ಕೂಗಿದೆ. "ಹೋಯ್, ಇದು ಮೀನಿನದ್ದಲ್ಲ! ಏಸಿಗೆ ಎಂತ ತುಂಬಿಸಿದ್ರಿ?"

ನಮ್ಮ ಮನೆಯವರು ತಿರುಗಿ ನನ್ನ ಕೈಯಲ್ಲಿದ್ದ ಕಡ್ಡಿಯನ್ನು ನೋಡಿದರು. ಅವರ ಮುಖದ ಬಣ್ಣವೇ ಹೋಯಿತು. "ಗೀರಬೇಡ! ಅಡುಗೆ ಗ್ಯಾಸು! ಅಡುಗೆ ಗ್ಯಾಸು ಅದು!" ಎಂದು ಕಿರುಚುತ್ತ ಓಡಿಬಂದರು.

ಕಡ್ಡಿಪೆಟ್ಟಿಗೆಯನ್ನು ಎಲ್ಲಿ ಎಸೆದೆನೋ ಗೊತ್ತಿಲ್ಲ. ಇಳಿದು ಹಿಂದಿನ ಬಾಗಿಲು ತೆಗೆದು ಸಾನ್ವಿಯನ್ನು ಎಳೆದುಕೊಂಡೆ. ಅವಳ ಕತ್ತು ನನ್ನ ತೋಳಿನ ಮೇಲೆ ವಾಲಿತು. "ಸಾನ್ವೀ, ಪುಟ್ಟಾ" ಎಂದು ಅಲುಗಿಸಿದರೂ ಕಣ್ಣು ಬಿಡಲಿಲ್ಲ. ಅವಳನ್ನು ಎತ್ತಿಕೊಂಡು ಕಾರಿನಿಂದ ದೂರ ಓಡಿದೆ. ಅತ್ತೆ ಸಿಟ್ಟೆಲ್ಲ ಮರೆತು ಹಿಂದೆಯೇ ಓಡಿಬಂದು, ಮುಖಕ್ಕೆ ನೀರು ಚಿಮುಕಿಸಿ, ಕೆನ್ನೆ ತಟ್ಟಿದರು. ನಾನು ಅವಳನ್ನು ಮಡಿಲಲ್ಲಿಟ್ಟುಕೊಂಡು ಮಣ್ಣಿನಲ್ಲೇ ಕುಳಿತೆ. ಮಗಳು ಹೋದಳು ಎಂದೇ ಅಂದುಕೊಂಡೆ. ಬೇರೆ ಯಾವ ಯೋಚನೆಯೂ ತಲೆಯಲ್ಲಿರಲಿಲ್ಲ.

ಸಾನ್ವಿ ಮುಖ ಸಿಂಡರಿಸಿ, ಕಣ್ಣು ಬಿಟ್ಟು, ಜೋರಾಗಿ ಅಳಲು ಶುರುಮಾಡಿದಳು. ಅವಳ ಜೊತೆ ನಾನೂ ಅತ್ತುಬಿಟ್ಟೆ.

ನಮ್ಮ ಮನೆಯವರು ಇಂಜಿನ್ ಬಂದ್ ಮಾಡಿ, ಬಾಗಿಲುಗಳನ್ನೆಲ್ಲ ತೆರೆದು, ದೂರದಲ್ಲಿ ತಲೆಯ ಮೇಲೆ ಕೈಹೊತ್ತು ನಿಂತಿದ್ದರು. ನಾನು, ಅತ್ತೆ, ಸಾನ್ವಿ ಮೂವರೂ ರಿಕ್ಷಾ ಹಿಡಿದು ಕುಮಟಾಕ್ಕೆ ಹೋಗಿ ಮೊದಲು ಡಾಕ್ಟರಿಗೆ ತೋರಿಸಿದೆವು. ಮಗುವಿಗೆ ಏನೂ ಆಗಿಲ್ಲ, ಗಾಢ ನಿದ್ದೆ ಬಂದಿರಬಹುದು ಎಂದರು ಅವರು. ಅಂಟು ಬಿಟ್ಟು ಸೋರುತ್ತಿದ್ದ ಕಾರಿನ ಗ್ಯಾಸನ್ನು ಮರುದಿನ ತಿಳಿದವರೇ ಬಂದು ತೆಗೆದರು. ಆಮೇಲೆ ನಾವು ಏಸಿಯ ಸುದ್ದಿಗೇ ಹೋಗಿಲ್ಲ. ಬೆವರಿದರೂ ಸರಿ, ಕಿಟಕಿ ತೆರೆದುಕೊಂಡೇ ಓಡಾಡುತ್ತೇವೆ.

ಸಾನ್ವಿ ಈಗ ಒಂದನೇ ತರಗತಿ. ಅವಳು ಕಾರಿನಲ್ಲಿ ಕಣ್ಣು ಮುಚ್ಚಿದರೆ ಈಗಲೂ ನಾನು ತಿರುಗಿ ತಿರುಗಿ ನೋಡುತ್ತೇನೆ. ಹೆಸರು ಹಿಡಿದು ಕರೆಯುತ್ತೇನೆ, ಭುಜ ಅಲುಗಿಸುತ್ತೇನೆ. "ಅಮ್ಮಾ, ನಾ ಸುಮ್ಮನೆ ಮಲಗಿದ್ದೆ" ಎಂದು ಅವಳು ಸಿಡುಕುತ್ತಾಳೆ. ಆ ಸಿಡುಕು ಕೇಳಿದ ಮೇಲೆಯೇ ನನಗೆ ಉಸಿರು ಬರುವುದು.