ಹನ್ನೊಂದು ನಂಬರುಗಳ ಲಾರಿ

2015ರ ಮಾರ್ಚ್ 14, ಶನಿವಾರ. ನನ್ನ ಡೈರಿಯ ಆ ಪುಟದ ಮೊದಲ ಸಾಲು ಹೀಗಿದೆ: “ವುಡಿನ್‌ವಿಲ್. ಲಾರಿ 1. ಟೈರು 10. ಗಾಳಿ ಇರುವುದು 7.”

ಆ ಲಾರಿ ನಮ್ಮ ಪರಿಚಯದ ಅಂಕಲ್ ಒಬ್ಬರದು. ಅವರು ಹುಬ್ಬಳ್ಳಿಯಿಂದ ಎಪ್ಪತ್ತರ ದಶಕದಲ್ಲಿ ಕಡಲು ದಾಟಿ ಈ ದೇಶಕ್ಕೆ ಓದಲು ಬಂದು, ವಿಮಾನ ಕಾರ್ಖಾನೆಯಲ್ಲಿ ರೆಕ್ಕೆಗಳ ಲೆಕ್ಕ ಮಾಡುತ್ತ ನಿವೃತ್ತರಾದವರು. ಲಾರಿ ಎರಡನೆಯ ಮಹಾಯುದ್ಧದ ಕಾಲದ್ದು. ಸೈನ್ಯದ ಕೆಲಸ ಮುಗಿದ ಮೇಲೆ ಬೆಟ್ಟಗಳಾಚೆಯ ಒಂದು ತೋಟದಲ್ಲಿ ಸೇಬು ಹೊತ್ತಿತ್ತು. ತೋಟದವರಿಂದ ಅಂಕಲ್ ಅದನ್ನು ಕೊಂಡು, ವುಡಿನ್‌ವಿಲ್‌ನ ಒಂದು ಬಾಡಿಗೆ ಕೊಟ್ಟಿಗೆಯಲ್ಲಿ ಇಪ್ಪತ್ತು ವರ್ಷ ಇಟ್ಟುಕೊಂಡಿದ್ದರು. ಈಗ ಆ ಜಾಗದಲ್ಲಿ ಮನೆಗಳು ಬರುವುದಿತ್ತು. ಜೂನ್ ಕೊನೆಯೊಳಗೆ ಕೊಟ್ಟಿಗೆ ಖಾಲಿಯಾಗಬೇಕು. ಹಳೆಯ ಸೈನಿಕ ವಾಹನಗಳ ಒಂದು ಸಣ್ಣ ಮ್ಯೂಸಿಯಂನವರು, ಬಿಡಿಭಾಗಗಳ ಮೇಲಿನ ನಂಬರುಗಳನ್ನೆಲ್ಲ ಬರೆದು ಕಳಿಸಿ, ನೋಡೋಣ ಎಂದಿದ್ದರು. ಅವರು ಬೇಡವೆಂದರೆ ಗುಜರಿಯವನು ಬರುತ್ತಾನೆ.

“ಗ್ಯಾಸ್ ಕಟರ್ ತಗೊಂಡ ಬರ್ತಾನಂತ” ಎಂದರು ಅಂಕಲ್, ನನ್ನ ಮುಖ ನೋಡದೆ, ಮುಂದಿನ ಚಕ್ರ ನೋಡುತ್ತ. “ನನ್ನ ಕಣ್ಣಿನ ಪೊರಿ ಇನ್ನೂ ತಗಿಸಿಲ್ಲ. ಕೆತ್ತಿದ ನಂಬರ್ ಕಾಣಂಗಿಲ್ಲ. ಈ ಕೆಲಸಕ್ಕ ನಿನ್ನಂಥಾಕಿನ ಬೇಕು.”

“ನನ್ನಂಥೋಳು ಅಂದ್ರೆ?”

“ಮಂದಿ ಉಂಡ ಹೋಳಿಗಿ ಎಣಿಸಾಕಿ.”

ಇಲ್ಲಿನ ಕನ್ನಡಿಗರ ಸಂಕ್ರಾಂತಿ ಊಟದ ದಿನ ಯಾರ ಮನೆಯಿಂದ ಎಷ್ಟು ಡಬ್ಬಿ ಬಂತು, ಯಾವುದು ಖಾಲಿಯಾಗಿ ಹೋಯಿತು ಎಂದು ನಾನು ಬರೆದುಕೊಂಡದ್ದನ್ನು ಅವರು ನೋಡಿದ್ದರು. ಒಪ್ಪಿಕೊಂಡೆ.

ಕೆಲಸ ಕಷ್ಟದ್ದಲ್ಲ, ಕೊಳಕಿನದು. ರಟ್ಟು ಹಾಸಿ ಲಾರಿಯ ಕೆಳಗೆ ಮಲಗಬೇಕು. ತಂತಿ ಬ್ರಷ್‌ನಿಂದ ಜಿಡ್ಡು ಕೆರೆಯಬೇಕು. ಆಮೇಲೆ ಸೀಮೆಸುಣ್ಣ ತಿಕ್ಕಿ ಬಟ್ಟೆಯಲ್ಲಿ ಒರೆಸಿದರೆ, ಕೆತ್ತಿದ ಗೆರೆಗಳಲ್ಲಿ ಮಾತ್ರ ಬಿಳುಪು ಉಳಿದು ನಂಬರು ಎದ್ದು ಕಾಣುತ್ತದೆ. ನಾಲ್ಕು ಶನಿವಾರಗಳಲ್ಲಿ ಹನ್ನೊಂದು ನಂಬರು ಸಿಕ್ಕವು. ಯಾವ ನಂಬರು ಯಾವ ವರ್ಷದ್ದೆಂದು ಅಂಕಲ್ ಹತ್ತಿರವಿದ್ದ ಹಳೆಯ ಕೈಪಿಡಿಯಲ್ಲಿ ನೋಡುತ್ತ ಹೋದೆ. ಷಾಸಿ, ಅಂದರೆ ಲಾರಿಯ ಅಡಿಕಟ್ಟು, 1942ರದು. ಎಂಜಿನ್ 1945ರದು. ಗೇರ್‌ಬಾಕ್ಸ್ ಅವೆರಡರ ನಡುವಿನದು. ಕೊನೆಯ ಲೆಕ್ಕ: ಷಾಸಿಯೂ ಸೇರಿ 1942ರವು 3, ಅಲ್ಲದವು 8.

ನಾರ್ತ್ ಕ್ರೀಕ್ ಎಂಬಲ್ಲಿರುವ ಆಫೀಸಿನಲ್ಲಿ ನನ್ನ ಕೆಲಸವೇ ಲೆಕ್ಕ ತಾಳೆ ನೋಡುವುದು. ಎರಡು ಲೆಕ್ಕ ಹೊಂದಲಿಲ್ಲವೆಂದರೆ ಒಂದರಲ್ಲಿ ತಪ್ಪಿದೆ ಎಂದೇ ಅರ್ಥ. ಈ ಲಾರಿಯನ್ನು ಯಾರೋ ಕೆಡಿಸಿದ್ದಾರೆಂದು ತೀರ್ಮಾನಿಸಿದೆ.

ಏಪ್ರಿಲ್ 11ರಂದು ಡ್ಯಾಶ್‌ಬೋರ್ಡಿನ ಮೇಲೆ ಅಂಗೈಯಗಲದ ಒಂದು ಲೋಹದ ಪಟ್ಟಿ ಕಣ್ಣಿಗೆ ಬಿತ್ತು. ಬಣ್ಣದ ಮೇಲೆ ಬಣ್ಣ ಕೂತು ಅಕ್ಷರಗಳು ಮುಚ್ಚಿಹೋಗಿದ್ದವು. ತೋಟದವರು ಹಾಕಿಕೊಂಡದ್ದಿರಬೇಕು, ಅದರಡಿ ಕಾರ್ಖಾನೆಯ ಮೊದಲ ಪಟ್ಟಿ ಇರಬಹುದು ಎಂಬ ಆಸೆಯಿಂದ ನಾಲ್ಕು ಸ್ಕ್ರೂ ಬಿಚ್ಚಿದೆ. ಅಡಿಯಲ್ಲಿ ಹಸಿರು ಬಣ್ಣ ಬಿಟ್ಟು ಏನೂ ಇರಲಿಲ್ಲ. ಪಟ್ಟಿ, ಸ್ಕ್ರೂ ಎಲ್ಲ ಕೊಟ್ಟಿಗೆಯಲ್ಲಿದ್ದ ಒಂದು ಬಿಸ್ಕೆಟ್ ಡಬ್ಬಿಗೆ ಹಾಕಿದೆ. ಡೈರಿಯಲ್ಲಿ “ಇತರೆ 1, ಸ್ಕ್ರೂ 4” ಎಂದು ಬರೆದೆ. ಅಂದೇ ಸಂಜೆ ಹನ್ನೊಂದು ನಂಬರುಗಳನ್ನು ಮ್ಯೂಸಿಯಂಗೆ ಕಳಿಸಿದೆ.

ಏಪ್ರಿಲ್ 27ಕ್ಕೆ ಉತ್ತರ ಬಂತು. ಬೇರೆ ಬೇರೆ ಲಾರಿಗಳ ಭಾಗಗಳು ಸೇರಿಹೋಗಿವೆ, ಕಟ್ಟಿ ಹೊರಬಿಟ್ಟಾಗ ಹೇಗಿದ್ದವೋ ಹಾಗೇ ಉಳಿದ ಗಾಡಿಗಳನ್ನು ಮಾತ್ರ ನಾವು ಇಟ್ಟುಕೊಳ್ಳುತ್ತೇವೆ, ಕ್ಷಮಿಸಿ.

ಮೇ 2ರಂದು ಅದನ್ನು ಅಂಕಲ್‌ಗೆ ಓದಿ ಹೇಳಿದೆ. ಅವರು ಡ್ರೈವರ್ ಸೀಟಿನಲ್ಲಿ ಕೂತಿದ್ದರು. ಅವರ ಬಲಗೈ ತಾನಾಗಿ ಡ್ಯಾಶ್‌ಬೋರ್ಡಿಗೆ ಹೋಗಿ, ಹೆಬ್ಬೆರಳು ಏನನ್ನೋ ತಡಕಿ ನಿಂತಿತು.

“ಇಲ್ಲೊಂದು ಹಿತ್ತಾಳಿ ಪಟ್ಟಿ ಇತ್ತಲ್ಲ ತಂಗಿ, ಎಲ್ಲಿ ಹೋತು?”

“ಬಿಸ್ಕೆಟ್ ಡಬ್ಬೀಲಿ ಇಟ್ಟಿದೀನಿ ಅಂಕಲ್. ತೋಟದವರು ಹಾಕಿರೋದು ಅಂದ್ಕೊಂಡೆ.”

“ಅವರಿಗೆ ಕಳಿಸಿದ್ರಾಗ ಅದನ್ನ ಬರದಿಯೇನು?”

“ಇಲ್ಲ.”

“ಹೋಳಿಗಿ ಎಲ್ಲಾ ಎಣಿಸಿದಿ. ಮದುವಿ ಯಾರದಂತ ಕೇಳಲಿಲ್ಲ.”

ಆಮೇಲೆ ಹೇಳಿದರು. ಯುದ್ಧ ಮುಗಿದ ಮೇಲೆ ಬಳಲಿದ ಲಾರಿಗಳನ್ನು ಸೈನ್ಯದವರು ತಮ್ಮ ದೊಡ್ಡ ವರ್ಕ್‌ಶಾಪುಗಳಿಗೆ ತಂದು ಕೊನೆಯ ಬೋಲ್ಟಿನವರೆಗೂ ಬಿಚ್ಚುತ್ತಿದ್ದರು. ಎಂಜಿನ್‌ಗಳೆಲ್ಲ ಒಂದು ಕಡೆ, ಆಕ್ಸಲ್‌ಗಳೆಲ್ಲ ಇನ್ನೊಂದು ಕಡೆ. ತೊಳೆದು, ರಿಪೇರಿ ಮಾಡಿ, ಕೈಗೆ ಸಿಕ್ಕ ಎಂಜಿನ್ನನ್ನು ಮುಂದೆ ಬಂದ ಷಾಸಿಗೆ ಕೂರಿಸುವುದು. ಯಾವುದು ಯಾವುದರದೆಂದು ಯಾರೂ ನೋಡುತ್ತಿರಲಿಲ್ಲ. ಸಿದ್ಧವಾದ ಲಾರಿಗೆ, ಮತ್ತೆ ಕಟ್ಟಿದ್ದು ಎಲ್ಲಿ, ಯಾವಾಗ ಎಂದು ಒಂದು ಹೊಸ ಪಟ್ಟಿ. ಅಲ್ಲಿಂದ ಕೆಲವು ಮಿತ್ರದೇಶಗಳ ಸೈನ್ಯಕ್ಕೆ, ಕೆಲವು ಅಗ್ನಿಶಾಮಕದವರಿಗೆ, ಕೊನೆಗೆ ಹರಾಜಿನಲ್ಲಿ ಇಂಥ ತೋಟಗಳಿಗೆ.

“ನಮ್ಮಪ್ಪನೂ ಹಂಗ ಮಾಡ್ತಿದ್ದ. ಮಿಲ್ಟ್ರಿಯವರು ಬಿಟ್ಟುಹೋದ ಲಾರಿ ಹಿಡಿದು, ಮೂರು ಬಿಚ್ಚಿ ಎರಡು ಮಾಡ್ತಿದ್ದ. ಒಂದಕ್ಕ ಬಸ್ಸಿನ ಬಾಡಿ ಕಟ್ಟಿಸಿದ್ದ. ಅದರ ಎಂಜಿನ್ ಯಾವ ಲಾರಿದಂತ ಯಾರೂ ಕೇಳಲಿಲ್ಲ. ದಿನಾ ಧಾರವಾಡ ಮುಟ್ಟತಿತ್ತು.”

“ಇದನ್ನ ಮೊದ್ಲೇ ಹೇಳಬಾರದಿತ್ತಾ ಅಂಕಲ್?”

“ಲಾರಿ ಅಂದ್ರ ಹಂಗ ಇರತೈತಿ ಅಂತ ಎಲ್ಲಾರಿಗೂ ಗೊತ್ತದ ಅನ್ಕೊಂಡಿದ್ದೆ.”

ಪಟ್ಟಿಯನ್ನು ಮನೆಗೆ ತಂದೆ. ಥಿನ್ನರ್‌ನಲ್ಲಿ ನೆನೆಸಿ ಬಣ್ಣದ ಐದು ಪದರ ತೆಗೆದೆ. ಆಮೇಲೆ ಅಮ್ಮ ದೇವರ ಸಾಮಾನು ಬೆಳಗುವ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದೆ. ಅಕ್ಷರಗಳು ಒಂದೊಂದಾಗಿ ಎದ್ದವು. ಸೈನ್ಯದ ವರ್ಕ್‌ಶಾಪು, ಮತ್ತೆ ಕಟ್ಟಿದ್ದು, 1951 ಆಗಸ್ಟ್.

ಹಳೆಯ ಪುಟಕ್ಕೆ ಮರಳಿದೆ. ಈ ಸಲ ಷಾಸಿಯ ಜೊತೆ ತಾಳೆ ನೋಡಲಿಲ್ಲ, ಪಟ್ಟಿಯ ಜೊತೆ ನೋಡಿದೆ. 1951ರ ನಂತರದ ಭಾಗ: 0. ಹನ್ನೊಂದಕ್ಕೆ ಹನ್ನೊಂದೂ ಅದಕ್ಕಿಂತ ಹಿಂದಿನವು. ಅಂದರೆ ವರ್ಕ್‌ಶಾಪಿನಿಂದ ಹೊರಬಂದ ಮೇಲೆ ಆ ಹನ್ನೊಂದರಲ್ಲಿ ಒಂದನ್ನೂ ಬದಲಿಸಿದ ಗುರುತಿರಲಿಲ್ಲ. ನನ್ನ ತಪ್ಪನ್ನೂ ಹೇಳಿ ಮ್ಯೂಸಿಯಂಗೆ ಎರಡನೆಯ ಪತ್ರ ಬರೆದೆ.

ಮೇ 30ರಂದು ಮ್ಯೂಸಿಯಂ ನೋಡಿಕೊಳ್ಳುವ ಹೆಂಗಸು ತಾವೇ ಬಂದರು. ಅರವತ್ತು ದಾಟಿದವರು. ನನ್ನ ರಟ್ಟಿನ ಮೇಲೇ ಮಲಗಿ, ಟಾರ್ಚ್ ಹಿಡಿದು ಹನ್ನೊಂದು ನಂಬರನ್ನೂ ನೋಡಿದರು. ಒಂದು ಗಂಟೆ ಐವತ್ತು ನಿಮಿಷ. ಅಂಕಲ್ ಅಷ್ಟು ಹೊತ್ತೂ ಕೈಯಲ್ಲಿ ಒಂದು ಸ್ಪ್ಯಾನರ್ ಹಿಡಿದು ನಿಂತಿದ್ದರು.

ಆಕೆ ಎದ್ದು ಬೆನ್ನು ಕೊಡವಿಕೊಂಡು, “ಕಾರ್ಖಾನೆಯಿಂದ ಬಂದಂತೆಯೇ ಇರುವವು ನಮ್ಮಲ್ಲಿ ನಾಲ್ಕಿವೆ. ಮತ್ತೆ ಕಟ್ಟಿದ ಮೇಲೆ ಹಾಗೇ ಉಳಿದದ್ದು ಒಂದೂ ಇಲ್ಲ. ಇದನ್ನು ನಾವು ಇಟ್ಟುಕೊಳ್ಳುತ್ತೇವೆ” ಎಂದರು. ಆಮೇಲೆ, “ಪಟ್ಟಿ ತೆಗೆದವರು ಯಾರು?” ಎಂದು ಕೇಳಿದರು. ಕೈ ಎತ್ತಿದೆ. “ನೀನೇ ಹಾಕಬೇಕು. ಅದಿಲ್ಲದೆ ಗಾಡಿ ಒಳಗೆ ಬರುವುದಿಲ್ಲ.”

ಅಂಕಲ್ ಸ್ಪ್ಯಾನರನ್ನು ಕೆಳಗಿಟ್ಟರು.

ಜೂನ್ 20, ಶನಿವಾರ. ಗಾಳಿ ಇರುವ ಟೈರು 10. ಟ್ರೇಲರ್ ಕೊಟ್ಟಿಗೆಯ ಹೊರಗೆ ನಿಂತಿತ್ತು. ಪಟ್ಟಿ ಹಾಕಲು ಹೋದರೆ ಡಬ್ಬಿಯಲ್ಲಿ ಮೂರೇ ಸ್ಕ್ರೂ. ಬಿಚ್ಚಿದ್ದು ನಾಲ್ಕು ಎಂದು ಡೈರಿ ಹೇಳುತ್ತಿತ್ತು. ಇಪ್ಪತ್ತು ನಿಮಿಷ ನೆಲವೆಲ್ಲ ಹುಡುಕಿದೆ. ಅಂಕಲ್ ತಮ್ಮ ಡಬ್ಬಿ ಕೆದಕಿ ಒಂದು ಸ್ಕ್ರೂ ಕೊಟ್ಟರು.

“ಇದು ಆ ಕಾಲದ್ದಲ್ಲ ಅಂಕಲ್. ತಲೇನೂ ಬೇರೆ ಥರ ಇದೆ.”

“ಹಿಡೀತದೋ ಇಲ್ಲೋ ನೋಡು.”

ತಿರುಗಿಸಿದೆ. “ಹಿಡೀತು.”

“ಮತ್ತ?”

ಮೂರನೆಯ ಸಲಕ್ಕೆ ಎಂಜಿನ್ ಹತ್ತಿತು. ನಾನು ಮುಂದೆ ಕೈ ಆಡಿಸುತ್ತ ಹಿಮ್ಮುಖವಾಗಿ ನಡೆದೆ, ಅಂಕಲ್ ನನ್ನ ಕೈ ನೋಡಿಕೊಂಡು ಲಾರಿಯನ್ನು ಬಿಸಿಲಿಗೆ ತಂದರು. ಟ್ರೇಲರ್‌ವರೆಗೆ ನಲವತ್ತಾರು ಹೆಜ್ಜೆ. ಇಳಿಯುವ ಮೊದಲು ಹೆಬ್ಬೆರಳಿನಿಂದ ಪಟ್ಟಿಯನ್ನು ಒಮ್ಮೆ ಸವರಿದರು.

ಆ ದಿನದ ಕೊನೆಯ ಸಾಲು: “ನಂಬರು 11. ಪಟ್ಟಿ 1. ಸ್ಕ್ರೂ: ಅವರವು 3, ನಮ್ಮದು 1.”