ಮನೆಗೆಲ್ಲ ಬೇಬಿ

ಬೇಬಿ ನಕ್ಕರೆ ಮೊದಲು ಭುಜ ಕುಣಿಯುತ್ತಿತ್ತು, ಸದ್ದು ಆಮೇಲೆ ಬರುತ್ತಿತ್ತು. ಅವಳು ನನ್ನ ಮೈದುನನ ಹೆಂಡತಿ. ನಿಜ ಹೆಸರು ಸುಲೋಚನಾ. ಮದುವೆಯಾಗಿ ಬೀಜಾಡಿಯ ನಮ್ಮ ಮನೆಗೆ ಬಂದ ದಿನ ಅತ್ತೆ ಹೆಸರು ಕೇಳಿದಾಗ, "ಎಲ್ರೂ ಬೇಬಿ ಅಂಬುದ್" ಎಂದುಬಿಟ್ಟಳು. ಅಲ್ಲಿಗೆ ಮುಗಿಯಿತು.

ಅದಕ್ಕೆ ಎರಡು ವರ್ಷ ಮೊದಲು, ತೊಂಬತ್ತೇಳರಲ್ಲಿ, ನಾನು ಸೊಸೆಯಾಗಿ ಬಂದ ದಿನ, ಅದೇ ಪ್ರಶ್ನೆಗೆ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಹಾಗೆ ಎದ್ದು ನಿಂತು, "ವಿಜಯಲಕ್ಷ್ಮಿ ಎಸ್." ಎಂದಿದ್ದೆ. ತವರಿನಲ್ಲಿ ನಾನು ವಿಜಿ ಎಂಬುದು ಇಲ್ಲಿ ಯಾರಿಗೂ ತಿಳಿಯಲೇ ಇಲ್ಲ.

ಕೋಡಿಯಿಂದ ಮೀನು ತರುವ ಅಕ್ಕಯ್ಯ ಮೆಟ್ಟಿಲಲ್ಲಿ ಬುಟ್ಟಿ ಇಳಿಸಿ ಬೇಬಿಯೊಡನೆ ಊರ ಸುದ್ದಿಯೆಲ್ಲ ಆಡುವಳು. ನಾನು ಹೊರಬಂದರೆ ಸೆರಗು ಸರಿಮಾಡಿಕೊಂಡು ಬಂಗುಡೆಯ ಬೆಲೆಯಷ್ಟೇ ಹೇಳುವಳು. ಬೇಬಿ ಸಾರಿಗೆ ಎರಡು ಸಲ ಉಪ್ಪು ಹಾಕಿದರೆ ಮನೆಯೆಲ್ಲ ನಗು, ಅತ್ತೆ ಅವಳ ತಲೆಗೊಂದು ಮೊಟಕುವರು. ನಾನು ಹಾಕಿದ ದಿನ ಎಲ್ಲರೂ ಮಾತಿಲ್ಲದೆ ಉಂಡೆದ್ದರು. ಆ ಮೊಟಕಿಗಾಗಿ ಎಷ್ಟು ಆಸೆಪಟ್ಟಿದ್ದೆನೆಂದು ಬರೆಯಲು ಈಗಲೂ ನಾಚಿಕೆ.

ಬ್ಯಾಂಕಿನ ಸಾಲಕ್ಕೆಂದು ಊರಿನ ಮಹಿಳಾ ಸಂಘ ಕಟ್ಟಿದ್ದು ಬೇಬಿಯೇ, ಮನೆಮನೆಗೆ ಹೋಗಿ ಹೆಂಗಸರನ್ನು ಒಪ್ಪಿಸಿ. ಅಧ್ಯಕ್ಷೆಯಾಗುವ ಆಸೆಯನ್ನು ನನ್ನೊಬ್ಬಳಿಗೇ ಹೇಳಿದ್ದಳು. ಸಭೆಯಲ್ಲಿ ಯಾರೋ ಅವಳ ಹೆಸರೆತ್ತಿದರು. ನೆರೆಮನೆಯ ಗಿರಿಜಕ್ಕ, "ಬೇಬಿಯಾ? ಬ್ಯಾಂಕಿನವ್ರ್ ನಗಾಡ್ತ್ರ್ ಮಾರಾಯ್ತಿ. ವಿಜಯಲಕ್ಷ್ಮಿಯಮ್ಮ ಆಯ್ಲಿ" ಎಂದರು. ಎಲ್ಲರೂ ನಕ್ಕರು, ಕೈಗಳು ಎದ್ದವು. ಎಲ್ಲರೊಡನೆ ಬೇಬಿಯ ಭುಜವೂ ಕುಣಿಯಿತು. ನಾನು ಬೇಡ ಎನ್ನಬಹುದಿತ್ತು. ಅವಳಿಗಿಲ್ಲದ್ದು ಒಂದಾದರೂ ನನಗಿರಲಿ ಎಂದು ಸುಮ್ಮನಿದ್ದೆ.

ಮನೆಗೆ ಬರುವ ದಾರಿಯಲ್ಲಿ ಅವಳು ಹೇಳಿದ್ದು ಇಷ್ಟೇ: "ನೀವೊಂದ್ ಸಲ ಸುಲೋಚನಾ ಅಂದಿದ್ರೆ ಸಾಕಿತ್ತ್, ಅಕ್ಕ. ನಂಗೂ ಒಂದ್ ಹೆಸ್ರ್ ಇತ್ತ್ ಅಂದೇಳಿ ಅವ್ರಿಗೆ ಗೊತ್ತಾತಿತ್ತ್."

ಕೆಲವು ವರ್ಷಗಳ ಬಳಿಕ ಮೈದುನ ಮುಂಬಯಿಯಲ್ಲಿ ಕ್ಯಾಂಟೀನು ಹಿಡಿದ, ಬೇಬಿಯೂ ಹೊರಟಳು. ಕುಂದಾಪುರ ಸ್ಟೇಷನ್ನಿಗೆ ಹೋಗುವ ರಿಕ್ಷಾದಲ್ಲಿ ಸುಲೋಚನಾ ಎಂಬ ಆ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಈ ಸಲ ಹಾಗೆ ಕರೆದೇ ಕಳಿಸಬೇಕು. ರೈಲು ಬಂತು. ನನ್ನ ಕಾಲಿಗೆ ನಮಸ್ಕರಿಸಿ ಎದ್ದವಳು ಏನನ್ನೋ ಕಾಯುವಂತೆ ನಿಂತಳು. ಅಷ್ಟರಲ್ಲಿ ಅತ್ತೆ ಅವಳನ್ನು ಎಳೆದು ಅಪ್ಪಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಹದಿಮೂರು ವರ್ಷಗಳಲ್ಲಿ ಆ ಕೈ ಒಮ್ಮೆಯೂ ನನ್ನ ಬೆನ್ನ ಮೇಲೆ ಬಂದಿರಲಿಲ್ಲ.

"ಹುಷಾರು, ಬೇಬಿ" ಎಂದೆ.